ಕುಲ ಕೇಳಿದ ಬಾಯಿ

ಪೊಲೀಸರು ಬಂದಾಗ ಸತ್ಯಮ್ಮ ರೊಟ್ಟಿ ಬಡಿಯುತ್ತಿದ್ದಳು.

ಬೆಳಗಿನ ಆರೂವರೆ. ಮರಾಠಿ ನಾಡಿನ ದೊಡ್ಡ ನಗರದ ಅಂಚಿಗೆ, ನೆರೂಳದಲ್ಲಿ, ರೈಲು ಹಳಿಯ ಆಚೆ ಏಳು ಮಹಡಿಯ ಕಟ್ಟಡವೊಂದು ಏಳುತ್ತಿತ್ತು. ಅದರ ಬೆನ್ನಿಗೆ ಹದಿನೆಂಟು ತಗಡಿನ ಶೆಡ್ಡುಗಳು. ಕೂಲಿಯವರು ಇರುವುದು ಅಲ್ಲಿ. ಜೀಪು ನಿಂತಿತು. ಪೊಲೀಸರು ಲಾಠಿಯಿಂದ ತಗಡು ಬಡಿಯುತ್ತ ಬಂದರು. ಬಾಂಗ್ಲಾದೇಶದಿಂದ ಕದ್ದು ಬಂದವರನ್ನು ಹುಡುಕುತ್ತಿದ್ದೇವೆ, ಎಲ್ಲರೂ ಹೊರಗೆ ಬನ್ನಿ, ಕಾಗದ ತೋರಿಸಿ ಎಂದರು.

ಸತ್ಯಮ್ಮನಿಗೆ ಅದರಲ್ಲಿ ಒಂದು ಮಾತೂ ತಿಳಿಯಲಿಲ್ಲ. ಅವಳು ರಾಯಚೂರು ಜಿಲ್ಲೆಯವಳು, ದೇವದುರ್ಗದ ಕಡೆ ಊರು. ಇಲ್ಲಿಗೆ ಬಂದು ನಾಲ್ಕು ತಿಂಗಳಾಗಿತ್ತು. ಹಿಂದಿ ಬರುತ್ತಿರಲಿಲ್ಲ, ಮರಾಠಿಯೂ ಇಲ್ಲ. ಕೆಲಸಕ್ಕೆ ಬೇಕಾದ ನಾಲ್ಕು ಶಬ್ದ ಬರುತ್ತಿದ್ದವು. ಉಠಾವ್, ರಖೋ, ಜಲ್ದಿ, ಪಾನಿ. ಗಂಡ ಮಾನಪ್ಪನಿಗೆ ಹಿಂದಿ ಚೆನ್ನಾಗಿಯೇ ಬರುತ್ತಿತ್ತು. ಆದರೆ ಅವರನ್ನೆಲ್ಲ ಊರಿನಿಂದ ಕರೆತಂದ ಮುಕಾದಮ ಅಂಬಾದಾಸ, ಎಂಟು ದಿನದ ಹಿಂದೆ ಮಾನಪ್ಪನನ್ನು ಶಹಾಡದ ಇನ್ನೊಂದು ಕೆಲಸಕ್ಕೆ ಒಯ್ದಿದ್ದ. ಸತ್ಯಮ್ಮನ ಆಧಾರ್ ಕಾರ್ಡು ಮಾನಪ್ಪನ ಜೇಬಿನಲ್ಲಿತ್ತು. ಅವಳ ಕೈಯಲ್ಲಿದ್ದದ್ದು ಊರಿನ ರೇಷನ್ ಕಾರ್ಡು ಮಾತ್ರ. ಕನ್ನಡ ಅಕ್ಷರದ್ದು. ಫೋಟೋ ಮಾಸಿ ಬಿಳಿಯಾಗಿತ್ತು.

ಅವಳ ಶೆಡ್ಡಿನಲ್ಲೇ ಇದ್ದವಳು ಜಹನಾರಾ. ಬಂಗಾಳದ ಮಾಲ್ದಾದವಳು. ಗಂಡ ಕೇರಳದಲ್ಲಿ ಯಾವುದೋ ಕಟ್ಟಡಕ್ಕೆ ಕಲ್ಲು ಹೊರುತ್ತಿದ್ದ, ಇವಳು ಇಲ್ಲಿ ಹೊರುತ್ತಿದ್ದಳು. ಅವಳ ಹತ್ತಿರ ಆಧಾರ್ ಇತ್ತು, ಮತದಾರರ ಚೀಟಿ ಇತ್ತು. ಪೊಲೀಸ ಎರಡನ್ನೂ ತಿರುಗಿಸಿ ನೋಡಿ, ಇಂಥವು ಝೆರಾಕ್ಸ್ ಅಂಗಡಿಯಲ್ಲೇ ಸಿಗುತ್ತವೆ ಎಂದ. ಹೆಸರು ಓದಿದ ಮೇಲೆ ಅವನಿಗೆ ಮತ್ತೇನೂ ಬೇಕಿರಲಿಲ್ಲ.

ಎಂಟು ಜನರನ್ನು ಜೀಪಿಗೆ ತುಂಬಿದರು. ಸತ್ಯಮ್ಮನ ಕೈಯಲ್ಲಿ ಜೋಳದ ಹಿಟ್ಟು ಹಾಗೇ ಇತ್ತು. ಒಲೆಯ ಮೇಲಿನ ರೊಟ್ಟಿ ಕಪ್ಪಾಗುತ್ತಿತ್ತು. ಒಲೆ ಆರಿಸಿ ಬರುತ್ತೇನೆಂದು ಅವಳು ಸನ್ನೆ ಮಾಡಿದಳು. ಪೊಲೀಸ ಅವಳ ರಟ್ಟೆ ಹಿಡಿದು ಎಳೆದ.

ಠಾಣೆಯಲ್ಲಿ ಎಲ್ಲರನ್ನೂ ನೆಲಕ್ಕೆ ಕೂಡಿಸಿದರು. ಫೋನು ಕಿತ್ತುಕೊಂಡರು. ಒಬ್ಬೊಬ್ಬರನ್ನೇ ಕರೆದು ಕೇಳತೊಡಗಿದರು. ಹಿಂದಿಯಲ್ಲಿ ಊರು ಕೇರಿ ಹೇಳಿದವರು ಹೊರಗೆ ಹೋದರು. ಬಿಹಾರದ ಮೂವರು ಹೋದರು. ಒಡಿಶಾದ ಇಬ್ಬರು ಹೋದರು. ತೆಲುಗಿನ ಒಬ್ಬ ಮುದುಕ ಕೈಮುಗಿದು ಕಾಲು ಹಿಡಿದು ಹೋದ. ಹನ್ನೊಂದರ ಹೊತ್ತಿಗೆ ಗೋಡೆಯ ಬದಿ ಉಳಿದವರು ಇಬ್ಬರೇ, ಸತ್ಯಮ್ಮ ಮತ್ತು ಜಹನಾರಾ.

ಸತ್ಯಮ್ಮ ಮೂತ್ರಕ್ಕೆ ಹೋಗಬೇಕೆಂದು ಕಿರುಬೆರಳು ಎತ್ತಿ ತೋರಿಸಿದಳು. ಹವಾಲ್ದಾರ ನೋಡಿ ನಕ್ಕ. ತಾನೂ ಕಿರುಬೆರಳು ಎತ್ತಿ ಪಕ್ಕದವನಿಗೆ ತೋರಿಸಿದ. ಅವನೂ ನಕ್ಕ. ಒಂದು ತಾಸು ಅವಳು ತೊಡೆ ಬಿಗಿದು ಕೂತಳು. ಕೊನೆಗೆ ಮಹಿಳಾ ಪೊಲೀಸ್ ಒಬ್ಬಳು ಕರೆದೊಯ್ದಳು. ಬಾಗಿಲು ಮುಚ್ಚಗೊಡಲಿಲ್ಲ.

ಆಮೇಲೆ ಸಾಹೇಬ ಬಂದ. ಇಬ್ಬರೂ ರಾಷ್ಟ್ರಗೀತೆ ಹೇಳಿ ಎಂದ. ಹವಾಲ್ದಾರ ಎರಡು ಸಾಲು ತಾನೇ ಹೇಳಿ ತೋರಿಸಿದ. ಸತ್ಯಮ್ಮನಿಗೆ ಬರಲಿಲ್ಲ. ಅವಳು ಶಾಲೆಯ ಒಳಗೆ ಕಾಲಿಟ್ಟದ್ದು ಕಸ ಗುಡಿಸಲು ಮಾತ್ರ. ಜಹನಾರಾ ಎದ್ದು ನಿಂತು ಪೂರ್ತಿ ಹೇಳಿದಳು. ಒಂದು ಅಕ್ಷರ ತಪ್ಪಲಿಲ್ಲ. ಆ ಮಾತುಗಳು ಅವಳ ಬಾಯಲ್ಲಿ ಅಡುಗೆಮನೆಯ ಮಾತಿನಷ್ಟು ಸಲೀಸಾಗಿದ್ದವು.

ಹೇಳಲು ಬರದವಳ ಮೇಲೆ ಸಂಶಯ ಎಂದು ಹವಾಲ್ದಾರ ಬರೆದುಕೊಂಡ. ಇಷ್ಟು ಚೆನ್ನಾಗಿ ಹೇಳುವವಳಿಗೆ ಯಾರೋ ಕಲಿಸಿ ಕಳಿಸಿದ್ದಾರೆ ಎಂದು ಸಾಹೇಬ ಹೇಳಿದ. ಅದನ್ನೂ ಬರೆದುಕೊಂಡ.

ಸತ್ಯಮ್ಮನ ಊರು ಸಣ್ಣದು. ನಕ್ಷೆಯಲ್ಲಿ ಹುಡುಕಿದರೂ ಸಿಗುವುದಿಲ್ಲ. ಅಲ್ಲಿ ಅವಳ ಓಣಿಯ ತುದಿಗೆ ತೆಲುಗಿನವರಿದ್ದರು. ದರ್ಗಾದ ಹಿಂದೆ ಉರ್ದು ಮಾತಾಡುವವರು. ಹಳ್ಳ ದಾಟಿದರೆ ಲಂಬಾಣಿ ತಾಂಡಾ. ಅವಳು ತೆಲುಗಿನಲ್ಲಿ ಚೌಕಾಶಿ ಮಾಡುತ್ತಿದ್ದಳು, ಲಂಬಾಣಿಯಲ್ಲಿ ಬೈಯುತ್ತಿದ್ದಳು, ದರ್ಗಾಕ್ಕೆ ಹೋದರೆ ಬೀಬಿಗಳಿಗೆ ಸಲಾಮು ಹೇಳಿ ಬರುತ್ತಿದ್ದಳು. ಆ ಊರು ಅವಳನ್ನು ಗುಡಿಯ ಹೊರಗೆ ನಿಲ್ಲಿಸಿತ್ತು. ಬಾವಿಯಿಂದ ದೂರ ಇಟ್ಟಿತ್ತು. ಅದರ ಪಾಪ ಅದಕ್ಕಿತ್ತು. ಆದರೆ ನಿನ್ನ ಮಾತು ಯಾವುದು, ನೀನು ಈ ದೇಶದವಳು ಹೌದೋ ಅಲ್ಲವೋ ಎಂದು ಅಲ್ಲಿ ಯಾರೂ ಕೇಳಿರಲಿಲ್ಲ. ಲೋಕದ ಜನವೆಲ್ಲ ಬಂದು ಸೇರುವ ಈ ದೊಡ್ಡ ಊರು ಅವಳ ಬಾಯಿ ತೆರೆಸಿ ನೋಡುತ್ತಿತ್ತು, ಸಂತೆಯಲ್ಲಿ ಎತ್ತಿನ ಹಲ್ಲು ನೋಡುವ ಹಾಗೆ.

ರೇಷನ್ ಕಾರ್ಡು ಓದುವವರು ಠಾಣೆಯಲ್ಲಿ ಅಂದು ಯಾರೂ ಇರಲಿಲ್ಲ. ಸಾಹೇಬನಿಗೆ ಶ್ರೀನಿಯ ನೆನಪಾಯಿತು. ಶ್ರೀನಿ ಮೈಸೂರಿನವನು, ಬ್ಯಾಂಕಿನಲ್ಲಿ ಅಧಿಕಾರಿ, ಹತ್ತಿರದ ಸೆಕ್ಟರಿನಲ್ಲೇ ಮನೆ. ಅಲ್ಲಿನ ಕನ್ನಡ ಸಂಘದ ಕಾರ್ಯದರ್ಶಿ. ಠಾಣೆಯ ಶಾಂತಿ ಸಮಿತಿ ಸಭೆಗೆ ಬಂದಾಗ, ನೂರು ಭಾಷೆಯ ಜನ ಒಂದೇ ಮನೆಯವರಂತೆ ಬಾಳುವ ನಗರ ಇದು ಎಂದು ಭಾಷಣ ಮಾಡಿದ್ದ. ಜನ ಚಪ್ಪಾಳೆ ತಟ್ಟಿದ್ದರು. ಸಾಹೇಬ ಅವನಿಗೆ ಫೋನು ಮಾಡಿದ.

ಶ್ರೀನಿ ಹನ್ನೆರಡೂವರೆಗೆ ಬಂದ. ನೀಲಿ ಅಂಗಿ, ಇಸ್ತ್ರಿ ಮುರಿದಿರಲಿಲ್ಲ. ಕುರ್ಚಿ ಕೊಟ್ಟರು, ಚಹಾ ತರಿಸಿದರು. ನೆಲದ ಮೇಲೆ ಕೂತಿದ್ದ ಸತ್ಯಮ್ಮನ ಕಡೆ ಬಗ್ಗಿ, ಯಾವ ಊರಮ್ಮ ನಿಮ್ಮದು ಎಂದು ಕೇಳಿದ.

ಬೆಳಗಿನಿಂದ ಅವಳ ಕಿವಿಗೆ ಬಿದ್ದ ಮೊದಲ ಕನ್ನಡ ಅದು. ಊರು ಹೇಳಿದಳು, ತಾಲ್ಲೂಕು ಹೇಳಿದಳು. ಗಂಡ ಶಹಾಡಕ್ಕೆ ಹೋದದ್ದು, ಒಲೆಯ ಮೇಲೆ ರೊಟ್ಟಿ ಬಿಟ್ಟು ಬಂದದ್ದು, ಆಧಾರ್ ಗಂಡನ ಜೇಬಿನಲ್ಲಿರುವುದು ಎಲ್ಲ ಹೇಳಿದಳು. ಶ್ರೀನಿ ತಲೆಯಾಡಿಸುತ್ತ ಕೇಳಿದ. ಕಾರ್ಡು ಓದಿದ. ಹೆಸರು ಸತ್ಯಮ್ಮ, ಗಂಡ ಮಾನಪ್ಪ ಎಂದು ಸಾಹೇಬನಿಗೆ ಹೇಳಿದ.

ಸಾಹೇಬ ಒಂದು ಹಾಳೆ ಮುಂದಿಟ್ಟ. ಈಕೆ ಆಡುವುದು ಕನ್ನಡ, ಈಕೆ ಕರ್ನಾಟಕದವಳು ಎಂಬುದು ನನಗೆ ಖಾತ್ರಿಯಾಗಿದೆ. ಕೆಳಗೆ ಸಹಿ, ವಿಳಾಸ, ಫೋನ್ ನಂಬರು.

ಶ್ರೀನಿ ಜೇಬಿನಿಂದ ಪೆನ್ನು ತೆಗೆದ. ತೆಗೆದವನು ಕೈ ತಡೆದ. ಮತ್ತೆ ಅವಳ ಕಡೆ ಬಗ್ಗಿದ. ದನಿ ಇಳಿಸಿ ಕೇಳಿದ.

"ಯಾವ ಜನ ನೀವು?"

"ಮಾದಿಗರ್ರಿ" ಎಂದಳು ಸತ್ಯಮ್ಮ.

ಶ್ರೀನಿ ಹ್ಞೂಂ ಎಂದ. ಪೆನ್ನಿನ ಮುಚ್ಚಳ ಹಾಕಿದ. ಸಾಹೇಬನ ಜೊತೆ ಹಿಂದಿಯಲ್ಲಿ ಮಾತಾಡಿದ. ಕನ್ನಡದ ಹಾಗೇ ಕೇಳಿಸುತ್ತದೆ ಸರ್, ಆದರೆ ಖಾತ್ರಿ ಕೊಡುವುದು ಕಷ್ಟ. ಇವರ ಭಾಷೆ ನಮಗೆ ಅಷ್ಟಾಗಿ ಗೊತ್ತಾಗುವುದಿಲ್ಲ. ಇದು ಯಾರ ಕಾರ್ಡೋ. ನಾನು ಬ್ಯಾಂಕಿನಲ್ಲಿರುವವನು, ನಾಳೆ ವಿಚಾರಣೆ ಅದು ಇದು ಅಂತಾದರೆ ತೊಂದರೆ.

ಸತ್ಯಮ್ಮನಿಗೆ ಹಿಂದಿ ತಿಳಿಯಲಿಲ್ಲ. ಪೆನ್ನು ಜೇಬಿಗೆ ಹೋದದ್ದು ಕಂಡಿತು. ಏನಂದ್ರಿ ಅಣ್ಣಾರ ಎಂದು ಕೇಳಿದಳು.

"ನಿಮ್ಮ ಮಾತು ನಂಗೆ ಸರಿಯಾಗಿ ಅರ್ಥ ಆಗಲ್ಲಮ್ಮ. ನಮ್ಮ ಕಡೆ ಹೀಗೆ ಮಾತಾಡಲ್ಲ" ಎಂದ ಶ್ರೀನಿ. ಅವಳ ಕಣ್ಣು ನೋಡಲಿಲ್ಲ.

ಸತ್ಯಮ್ಮ ಎದ್ದು ನಿಂತಳು. ಕೂತುಕೊ ಎಂದು ಹವಾಲ್ದಾರ ಲಾಠಿ ತೋರಿಸಿದ. ಅವಳು ಕೂರಲಿಲ್ಲ.

"ಕುಲ ಕೇಳಾಕ ತಿಳೀತು. ನಾ ಮಾದಿಗರಾಕಿ ಅಂದದ್ದು ತಿಳೀತು. ಸಹಿ ಹಾಕೂದು ಬಂದಾಗ ನನ್ನ ಮಾತು ತಿಳೀವಲ್ದೇನು? ನೀ ಮಲಗೂ ಮನಿ ಗ್ವಾಡಿ ಹೊತ್ತಾಕಿ ನಾ. ನೀ ಕುಂಡಿ ತೊಳಕೊಳ್ಳೂ ಕೋಣಿಗಿ ಉಸುಕು ಹೊತ್ತಾಕಿ ನಾ. ಅವಾಗ ಯಾರೂ ನನ್ನ ಭಾಷಾ ಕೇಳಲಿಲ್ಲ. ನಿನ್ನ ಬಾಯಾಗ ಇರೂದು ಕನ್ನಡ ಅಲ್ಲ, ಹೇಲು. ಆ ಪೆನ್ನು ಕಿಸೇದಾಗ ಇಟ್ಕೊಂಡು ತಿರಗಬ್ಯಾಡ, ಒಲಿಗಿ ಹಾಕು."

ಶ್ರೀನಿಯ ಕಿವಿ ಕೆಂಪಾಯಿತು. ಕುರ್ಚಿ ಹಿಂದೆ ತಳ್ಳಿ ಎದ್ದ.

"ಏಯ್, ಬಾಯಿಗೆ ಬಂದ ಹಾಗೆ ಮಾತಾಡಬೇಡ. ಯಾರ ಹತ್ರ ಮಾತಾಡ್ತಿದೀಯ ಗೊತ್ತಾ ನಿಂಗೆ?"

ಹವಾಲ್ದಾರ ಇಬ್ಬರ ಮುಖವನ್ನೂ ನೋಡಿದ. ನಗುವಿಗೆ ಅವನ ಹೊಟ್ಟೆ ಕುಣಿಯತೊಡಗಿತು.

"ಕಳಲಂ ಕೀ, ಸಾಹೇಬ" ಎಂದ ಅವನು ಶ್ರೀನಿಗೆ. ತಿಳಿಯಿತಲ್ಲ, ಎಲ್ಲ ತಿಳಿಯಿತಲ್ಲ ನಿಮಗೆ.

ಮಹಿಳಾ ಪೊಲೀಸ್ ತಿರುಗಿ ನಿಂತು ಸೆರಗಿಲ್ಲದ ಯೂನಿಫಾರ್ಮಿನ ತೋಳಿನಿಂದ ಬಾಯಿ ಮುಚ್ಚಿಕೊಂಡಳು. ಸಾಹೇಬ ನಗಲಿಲ್ಲ. ಹಾಳೆಯನ್ನು ಮತ್ತೆ ಶ್ರೀನಿಯ ಮುಂದೆ ಸರಿಸಿದ. ಭಾಷೆ ಯಾವುದೆಂದು ಈಗ ಹೇಳಿ ಎಂದ. ಶ್ರೀನಿ ಪೆನ್ನು ತೆಗೆದ, ಸಹಿ ಹಾಕಿದ, ಚಹಾ ಕುಡಿಯದೆ ಹೋದ.

ನೀನು ಹೋಗಬಹುದು ಎಂದು ಸಾಹೇಬ ಸತ್ಯಮ್ಮನಿಗೆ ಬಾಗಿಲು ತೋರಿಸಿದ.

ಅವಳು ಬಾಗಿಲ ತನಕ ಹೋದಳು. ಹೊರಗೆ ಮಾನಪ್ಪ ಬಂದು ನಿಂತಿದ್ದ. ಶೆಡ್ಡಿನವರು ಯಾರೋ ಫೋನು ಮಾಡಿದ್ದರಂತೆ, ಶಹಾಡದಿಂದ ರೈಲು ಬದಲಿಸುತ್ತ ಓಡಿ ಬಂದಿದ್ದ. ಮೈಮೇಲೆ ಸಿಮೆಂಟು ಒಣಗಿತ್ತು. ಜೊತೆಗೆ ಅಂಬಾದಾಸನೂ ಇದ್ದ. ಮಾನಪ್ಪ ಅವಳ ಕೈ ಹಿಡಿದು, ನಡಿ ಹೋಗೂನು ಎಂದ.

ಸತ್ಯಮ್ಮ ಹಿಂದೆ ನೋಡಿದಳು. ಜಹನಾರಾ ಗೋಡೆಗೆ ಒರಗಿ ಕೂತಿದ್ದಳು. ತನ್ನ ಪಾದ ನೋಡಿಕೊಳ್ಳುತ್ತಿದ್ದಳು.

ಇಬ್ಬರ ನಡುವೆ ಮಾತು ಅಂತ ಇದ್ದದ್ದೇ ಕಡಿಮೆ. ಒಬ್ಬಳು ಘಮೇಲಾ ತುಂಬಿ ಎತ್ತಿಕೊಟ್ಟರೆ ಇನ್ನೊಬ್ಬಳು ತಲೆಗೆ ಹೊತ್ತು ಮೆಟ್ಟಿಲು ಹತ್ತುವಳು. ದಿನಕ್ಕೆ ಇನ್ನೂರು ಸಲ, ಮುನ್ನೂರು ಸಲ. ಹಸಿ ಕಾಂಕ್ರೀಟು ತುಂಬಿದ ಆ ಕಬ್ಬಿಣದ ಬುಟ್ಟಿಯ ಭಾರ ಒಬ್ಬಳ ಕೈಯಿಂದ ಇನ್ನೊಬ್ಬಳ ತಲೆಗೆ ಹೋಗುವಾಗ ಕಣ್ಣು ನೋಡಿಯೇ ತಿಳಿಯುತ್ತಿತ್ತು, ಇವತ್ತು ಇವಳಿಗೆ ಸೊಂಟ ನೋವು, ಅರ್ಧ ತುಂಬಬೇಕು ಎಂದು. ಮೊದಲ ತಿಂಗಳು ಸಿಮೆಂಟು ತಿಂದು ಸತ್ಯಮ್ಮನ ಅಂಗೈ ಬಿರಿದಾಗ ಜಹನಾರಾ ರಾತ್ರಿ ರಾತ್ರಿ ಸಾಸಿವೆ ಎಣ್ಣೆ ತಿಕ್ಕಿದ್ದಳು. ಆ ವಾಸನೆಗೆ ಸತ್ಯಮ್ಮ ಮೂಗು ಮುಚ್ಚಿಕೊಂಡರೆ ಅವಳು ನಕ್ಕಿದ್ದಳು.

ಸತ್ಯಮ್ಮ ಗಂಡನ ಕೈ ಬಿಡಿಸಿಕೊಂಡಳು. ಒಳಗೆ ಹೋಗಿ ಜಹನಾರಾಳ ಪಕ್ಕ ಕೂತಳು.

ಅಂಬಾದಾಸನಿಗೆ ಸಿಟ್ಟು ಬಂತು. ನಾಳೆ ಸ್ಲ್ಯಾಬು ಹಾಕುವುದಿದೆ, ತನಗೆ ಬೇರೆ ಕೆಲಸವಿಲ್ಲವೇ, ಆ ಬಂಗಾಲಿಯವಳು ನಿನಗೆ ಏನಾಗಬೇಕು ಎಂದು ಬಾಗಿಲಲ್ಲೇ ನಿಂತು ಗದರಿದ. ಮಾನಪ್ಪ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು ಮೆಲ್ಲಗೆ ಬೇಡಿಕೊಂಡ. ಬಿಟ್ಟಾರ, ಪುಣ್ಯ ಅನ್ನು, ಎದ್ದೇಳು ಎಂದ.

"ನನ್ನ ಮಾತು ತಿಳಿದಾಂವ ಒಬ್ಬ ಸಿಕ್ಕ. ಅವನೂ ಬೈಸಿಕೊಂಡ ಮ್ಯಾಲೆ ಸಹಿ ಹಾಕಿದ" ಎಂದಳು ಸತ್ಯಮ್ಮ. "ಇಕಿ ಯಾರನ್ನ ಬೈಬೇಕು?"

ಮಾನಪ್ಪ ಎದ್ದು ಹೋಗಿ ಬಾಗಿಲ ಬಳಿ ನಿಂತ.

ಸಂಜೆ ಐದರ ತನಕ ಅವಳು ಅಲ್ಲೇ ಕೂತಿದ್ದಳು. ಕೊನೆಗೆ ಮಹಿಳಾ ಪೊಲೀಸರಿಬ್ಬರು ಎತ್ತಿ ತಂದು ಗೇಟಿನ ಹೊರಗೆ ಬಿಟ್ಟರು. ಜಹನಾರಾಳನ್ನು ನಾಡಿದ್ದು ಬೇರೆ ಕಡೆ ಕಳಿಸುತ್ತಾರೆ, ಅಲ್ಲಿಂದ ಗಡಿಗೆ ಎಂದು ಹವಾಲ್ದಾರ ಮಾನಪ್ಪನಿಗೆ ಹೇಳಿದ. ಅವನ ದನಿಯಲ್ಲಿ ನಗು ಇರಲಿಲ್ಲ.

ಶೆಡ್ಡುಗಳ ಮುಂದೆ ನೀರಿನ ಟಾಕಿಯ ಬಳಿ ಕೂಲಿಯವರೆಲ್ಲ ಕೈಕಾಲು ತೊಳೆಯುವ ಹೊತ್ತು. ಐವತ್ತು ಜನ. ಸತ್ಯಮ್ಮ ಟಾಕಿಯ ಕಟ್ಟೆ ಹತ್ತಿ ನಿಂತಳು. ಮಾತಾಡಿದಳು. ಅವರಲ್ಲಿ ಕನ್ನಡ ತಿಳಿದವರು ಹನ್ನೆರಡು ಜನ. ನೀ ಹೇಳು ಇವರಿಗೆ ಎಂದು ಗಂಡನನ್ನು ಎಳೆದು ನಿಲ್ಲಿಸಿದಳು. ಮಾನಪ್ಪ ಅಂಬಾದಾಸನ ಕಡೆ ನೋಡುತ್ತ ಹಿಂದಿಯಲ್ಲಿ ಒಂದು ಸಾಲು ಹೇಳಿ ಸುಮ್ಮನಾದ.

"ನಾ ಹೇಳಿದ್ದು ಮಾರುದ್ದ, ನೀ ಹೇಳಿದ್ದು ಗೇಣು" ಎಂದಳು ಸತ್ಯಮ್ಮ. "ಪೂರಾ ಹೇಳು."

ಯಾರೋ ನಕ್ಕರು. ಮಾನಪ್ಪ ತಲೆ ಕೆಳಗೆ ಹಾಕಿದ. ಹದಿನೈದು ವರ್ಷದಿಂದ ಊರೂರು ತಿರುಗಿ ಕೂಲಿ ಮಾಡಿದವನು ಅವನು. ಮುಕಾದಮರ ಮುಂದೆ, ಪೊಲೀಸರ ಮುಂದೆ, ರೈಲಿನ ಟಿಸಿಯ ಮುಂದೆ ಹಿಂದಿಯಲ್ಲಿ ಅವನು ಆಡಿದ ಮಾತೆಲ್ಲ ಕ್ಷಮೆ ಕೇಳುವ ಮಾತೇ. ಅವನು ತಲೆ ಎತ್ತಿದ. ಹೆಂಡತಿ ಹೇಳಿದ್ದನ್ನು ಮೊದಲಿನಿಂದ ಹೇಳತೊಡಗಿದ. ಕಿರುಬೆರಳು ಎತ್ತಿದ್ದು ಹೇಳಿದ. ಬಾಗಿಲು ಮುಚ್ಚದ ಪಾಯಖಾನೆ ಹೇಳಿದ. ಕುಲ ಕೇಳಿದ ಮೇಲೆ ಜೇಬಿಗೆ ಹೋದ ಪೆನ್ನು ಹೇಳಿದ. ಇವತ್ತು ಅವಳ ಮಾತು, ನಾಳೆ ನಿಮ್ಮ ಮಾತು, ಬಾಯಿ ತೆರೆದು ತೋರಿಸುತ್ತ ಎಷ್ಟು ದಿನ ಬದುಕುತ್ತೀರಿ ಎಂದು ಅವಳು ಕೇಳಿದ್ದನ್ನು ಹೇಳಿದ. ಜಹನಾರಾಳನ್ನು ಬಿಡುವ ತನಕ ಸ್ಲ್ಯಾಬಿಗೆ ಯಾರೂ ಕೈ ಹಚ್ಚಬಾರದು ಎಂದದ್ದನ್ನು ಹೇಳಿದ. ಅವಳು ಹೇಳದೆ ಇದ್ದ ಒಂದೆರಡು ಮಾತನ್ನೂ ಸೇರಿಸಿದ.

ಒಡನೆ ಎಲ್ಲರೂ ಒಪ್ಪಲಿಲ್ಲ. ಅವಳು ನಿಜಕ್ಕೂ ಆಚೆಯವಳಾಗಿದ್ದರೆ ಎಂದು ಬಿಹಾರದವನೊಬ್ಬ ಕೇಳಿದ. ನಮ್ಮ ಹೊಟ್ಟೆಗೆ ಯಾರು ಹಾಕುತ್ತಾರೆ ಎಂದು ಇನ್ನೊಬ್ಬ ಕೇಳಿದ. ಠಾಣೆಯಲ್ಲಿ ಕಾಲು ಹಿಡಿದು ಬಂದಿದ್ದ ತೆಲುಗಿನ ಮುದುಕ ಟಾಕಿಯ ಬದಿ ಕೂತಿದ್ದ. ಕೊನೆಗೆ ಎದ್ದು, ನಾಳೆ ನಾನು ಕೈ ಹಚ್ಚುವುದಿಲ್ಲ ಎಂದಷ್ಟೇ ಹೇಳಿ ತನ್ನ ಶೆಡ್ಡಿಗೆ ಹೋದ. ಅವನ ಹಿಂದೆ ಒಬ್ಬೊಬ್ಬರೇ ತಲೆಯಾಡಿಸಿದರು.

ಮರುದಿನ ಬೆಳಿಗ್ಗೆ ಎಂಟಕ್ಕೆ ಕಾಂಕ್ರೀಟಿನ ಲಾರಿಗಳು ಬಂದು ಸಾಲಾಗಿ ನಿಂತವು. ಬೆನ್ನ ಮೇಲಿನ ಡ್ರಮ್ಮುಗಳು ತಿರುಗುತ್ತಿದ್ದವು. ಆರನೇ ಮಹಡಿಯಲ್ಲಿ ಸರಳು ಕಟ್ಟಿ ಹಲಗೆ ಬಡಿದು ಎಲ್ಲ ಸಿದ್ಧವಿತ್ತು. ಮೇಲೆ ಒಬ್ಬನೂ ಇರಲಿಲ್ಲ. ಐವತ್ತು ಜನ ಶೆಡ್ಡುಗಳ ಮುಂದೆ ಕೂತಿದ್ದರು. ಘಮೇಲಾಗಳು ಬೋರಲು ಬಿದ್ದಿದ್ದವು.

ಅಂಬಾದಾಸ ಬೈದ. ಆಮೇಲೆ ಬೇಡಿದ. ಎಂಜಿನಿಯರು ಬಂದು ಕೂಗಾಡಿದ. ಹೊಸ ಕೂಲಿಯವರನ್ನು ಆಳುಗಳು ಸೇರುವ ನಾಕಾದಿಂದ ತರಿಸುತ್ತೇನೆ ಎಂದ. ನಾಕಾಕ್ಕೆ ಹೋಗಿ ಜನ ತರುವಷ್ಟರಲ್ಲಿ ಕಾಂಕ್ರೀಟು ಕಲ್ಲಾಗುತ್ತದೆಂದು ಅವನಿಗೂ ಗೊತ್ತಿತ್ತು. ಬಿಸಿಲು ಏರಿತು. ಹತ್ತೂವರೆಗೆ ಮೊದಲ ಲಾರಿಯ ಮಾಲು ಬಿಗಿಯತೊಡಗಿತು. ಡ್ರೈವರು ಅದನ್ನು ಹಿಂದಿನ ಖಾಲಿ ಜಾಗದಲ್ಲಿ ಸುರಿದ. ಬೂದು ಬಣ್ಣದ ಗುಡ್ಡೆ ಅಲ್ಲೇ ಕೂತಿತು. ಎಂಜಿನಿಯರು ಬಿಲ್ಡರನಿಗೆ ಫೋನು ಮಾಡಿದ. ಬಿಲ್ಡರು ಇನ್ಯಾರಿಗೋ ಮಾಡಿದ.

ಹನ್ನೆರಡಕ್ಕೆ ಜಹನಾರಾ ಪೊಲೀಸ್ ಜೀಪಿನಲ್ಲೇ ಬಂದು ಇಳಿದಳು.

ಆಮೇಲೆ ತಿಳಿಯಿತು. ಶೆಡ್ಡಿನವರು ಅವಳ ಊರಿಗೂ ಫೋನು ಮಾಡಿದ್ದರು. ಅವಳ ಊರಿನ ಪಂಚಾಯ್ತಿಯ ಪ್ರಧಾನ ಅವಳ ಅಜ್ಜನ ಕಾಲದ ಜಮೀನು ಪತ್ರದ ಸಮೇತ ಎಲ್ಲ ಕಾಗದವನ್ನೂ ಹಿಂದಿನ ದಿನ ಮಧ್ಯಾಹ್ನವೇ ಠಾಣೆಯ ವಾಟ್ಸಾಪಿಗೆ ಕಳಿಸಿದ್ದ. ಸತ್ಯಮ್ಮ ಅವಳ ಪಕ್ಕ ಹೋಗಿ ಕೂರುವ ಮೊದಲೇ ಅದು ಬಂದಿತ್ತು. ಯಾರೂ ತೆರೆದು ನೋಡಿರಲಿಲ್ಲ.

ಜಹನಾರಾ ಅಳಲಿಲ್ಲ. ಟಾಕಿಗೆ ಹೋಗಿ ತಲೆಯ ಮೇಲೆ ನೀರು ಸುರಿದುಕೊಂಡಳು. ಬಂದು ಸೆರಗು ಸುತ್ತಿ ಸಿಂಬಿ ಮಾಡಿ ತಲೆಗಿಟ್ಟಳು. ಇವತ್ತು ನೀನು ಕೂತಿರು ಎಂದು ಸತ್ಯಮ್ಮ ಕೈ ಅಡ್ಡ ಹಿಡಿದಳು. ಜಹನಾರಾ ಕೈ ಸರಿಸಿದಳು. ಹೊಸ ಮಾಲಿನ ಲಾರಿಗಳು ಬಂದವು. ಸ್ಲ್ಯಾಬು ಮುಗಿಯುವಾಗ ದೀಪ ಹಚ್ಚಬೇಕಾಯಿತು.

ಇದಕ್ಕೆ ಬೆಲೆ ತೆರಬೇಕಿತ್ತು. ಒಂದು ವಾರ ಕಳೆದ ಮೇಲೆ ಅಂಬಾದಾಸ ಬಂದು ಮಾನಪ್ಪನ ಹತ್ತಿರ ಮಾತಾಡಿದ. ಗಂಡ ಹೆಂಡತಿ ಇಬ್ಬರೂ ಇಲ್ಲಿಂದ ಗಂಟು ಕಟ್ಟಬೇಕು, ಬಿಲ್ಡರನ ಮಾತು, ತನ್ನ ಕೈಯಲ್ಲಿ ಏನೂ ಇಲ್ಲ ಎಂದ. ಮಾನಪ್ಪ ವಾದ ಮಾಡಲಿಲ್ಲ. ಆದರೆ ಯಾವತ್ತಿನ ಹಾಗೆ ಕೈಮುಗಿಯಲೂ ಇಲ್ಲ. ಅದನ್ನು ಅಂಬಾದಾಸ ಗಮನಿಸಿದ.

ಬದಲಾಪುರದಲ್ಲಿ ಕೆಲಸ ಇದೆಯೆಂದು ಯಾರೋ ಹೇಳಿದರು. ಎರಡು ಗಂಟು, ಒಂದು ಹಂಚು, ಒಂದು ಕೊಡ ಹಿಡಿದು ಇಬ್ಬರೂ ಸ್ಟೇಷನ್ನಿಗೆ ನಡೆದರು. ಪ್ಲಾಟ್‌ಫಾರಂ ಮುಟ್ಟಿದಾಗ ಹಿಂದೆ ಜಹನಾರಾ ಇದ್ದಳು. ತಲೆಯ ಮೇಲೆ ಅವಳದೊಂದು ಗಂಟು. ಅವಳನ್ನು ಯಾರೂ ಕೆಲಸದಿಂದ ತೆಗೆದಿರಲಿಲ್ಲ. ನೀ ಯಾಕ ಬಂದಿ ಎಂದು ಸತ್ಯಮ್ಮ ಕೇಳಿದಳು. ಅವಳು ಬಂಗಾಲಿಯಲ್ಲಿ ಏನೋ ಹೇಳಿದಳು. ಇಬ್ಬರಿಗೂ ತಿಳಿಯಲಿಲ್ಲ. ರೈಲು ಬಂತು. ಹತ್ತಿದರು.

ಬದಲಾಪುರದ ಕೆಲಸದ ಜಾಗದಲ್ಲಿ ಹಾಜರಿ ಬರೆಯುವವನು ವಿಜಯಪುರದ ಕಡೆಯವನು. ಮೇಜಿನ ಮೇಲೆ ಪುಸ್ತಕ ತೆರೆದು ಕೂತಿದ್ದ. ಮಾನಪ್ಪನ ಹೆಸರು ಬರೆದುಕೊಂಡ. ಸತ್ಯಮ್ಮನ ಹೆಸರು ಬರೆದುಕೊಂಡ. ಜಹನಾರಾಳ ಮುಖ ನೋಡಿ ಪೆನ್ನು ಎತ್ತಿ ಹಿಡಿದ.

"ಇಕಿ ಎಲ್ಲ್ಯಾಕಿ? ಈಗ ಎಲ್ಲಾ ಬರ್ಕೊಬೇಕಂತ ಹೇಳ್ಯಾರ. ಊರು, ಭಾಷಾ, ಜಾತಿ. ನಿಮ್ಮದೂ ಹೇಳ್ರಿ."

ಮಾನಪ್ಪ ಬಾಯಿ ತೆರೆಯುವ ಮೊದಲೇ ಸತ್ಯಮ್ಮ ಮುಂದೆ ಬಂದಳು.

"ಕೂಲಿಯವರು ಅಂತ ಬರಿ" ಎಂದಳು. "ಮ್ಯಾಲೆ ಏನಾರ ಬೇಕಾದ್ರ ನೆರೂಳದ ಠಾಣೆಕ ಹೋಗಿ ಕೇಳು. ಅಲ್ಲಿ ಎಲ್ಲಾ ಬರ್ಕೊಂಡಾರ."

ಅವನು ಪೆನ್ನು ಹಿಡಿದು ಅವಳನ್ನೇ ನೋಡಿದ. ಅವಳು ಕಣ್ಣು ತೆಗೆಯಲಿಲ್ಲ. ಹಿಂದೆ ಕೆಲಸಕ್ಕೆ ನಿಂತವರ ಸಾಲು ಬೆಳೆಯುತ್ತಿತ್ತು, ಯಾವ ಯಾವ ಊರಿನವರೋ. ಸಾಲಿನಲ್ಲಿ ಯಾರೋ ಕೆಮ್ಮಿದರು. ಯಾರೂ ಅವಸರ ಮಾಡಲಿಲ್ಲ.

ಅವನು ಬಗ್ಗಿ ಬರೆದ. ಕೂಲಿ, ಹೆಣ್ಣಾಳು ಎರಡು.